ಅನ್ನದ ಹೆಡಿಗೆಯೂ ನನ್ನ ಎಡಮೊಣಕಾಲೂ

ಈಚೆಗೆ ನಾನು ಯಾರ ಮನೆಗೆ ಹೋದರೂ ಒಂದು ಪ್ಲಾಸ್ಟಿಕ್ ಕುರ್ಚಿ ನನ್ನನ್ನು ಹುಡುಕಿಕೊಂಡು ಬರುತ್ತದೆ. ನಾನು ಕೇಳಿರುವುದಿಲ್ಲ. ಚಪ್ಪಲಿ ಕಳಚುವುದರೊಳಗೆ ಯಾರೋ ಅದನ್ನು ಎತ್ತಿಕೊಂಡು ಓಡಿ ಬಂದು, ನನ್ನ ಬೆನ್ನಿಗೆ ತಾಗುವ ಹಾಗೆ ಇಟ್ಟು, "ಕುತ್ಗಳಿ, ನಿಧಾನ, ನಿಧಾನ" ಎನ್ನುತ್ತಾರೆ. ಜಗಲಿಯ ಉದ್ದಕ್ಕೂ ಕಂಬಳಿ ಹಾಸಿರುತ್ತದೆ. ಉಳಿದವರೆಲ್ಲ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆಅಡಿಕೆಯ ಕವಳ ಹಾಕುತ್ತ ಊರಿನ ಸುದ್ದಿ ಹೇಳಿಕೊಂಡು ನಗುತ್ತಿರುತ್ತಾರೆ. ನಾನೊಬ್ಬ ಅವರ ತಲೆಗಳಿಗಿಂತ ಮೇಲೆ, ಪಂಚಾಯ್ತಿಗೆ ಕರೆಸಿಕೊಂಡವನ ಹಾಗೆ ಕೂತಿರಬೇಕು. ಕವಳದ ತಟ್ಟೆ ನನ್ನ ಕೈಗೆ ಎಟಕುವುದಿಲ್ಲ. ಅದನ್ನೂ ಯಾರಾದರೂ ಎತ್ತಿ ಕೊಡಬೇಕು. ಕೊಡುವಾಗ ಮತ್ತೆ "ನಿಧಾನ" ಎನ್ನುತ್ತಾರೆ. ಎಲೆಗೆ ಸುಣ್ಣ ಹಚ್ಚುವುದರಲ್ಲಿ ಅವಸರ ಮಾಡಿ ಬಿದ್ದವರನ್ನು ನಾನಂತೂ ಕಂಡಿಲ್ಲ.

ಸುಳ್ಳು ಹೇಳುವುದಿಲ್ಲ. ವಯಸ್ಸಾಗಿದೆ. ತಲೆಯ ಮೇಲೆ ಬೆಳೆಯಬೇಕಾದ ಕೂದಲು ಅಲ್ಲಿ ಬೇಸರಪಟ್ಟು ಕಿವಿಯೊಳಗೆ ಬೆಳೆಯುತ್ತಿದೆ. ಶರ್ಟಿನ ಕೊರಳ ಗುಂಡಿ ಹಾಕಲು ಬೆರಳುಗಳು ಒಂದಕ್ಕೊಂದು ಸಹಕರಿಸುವುದಿಲ್ಲ. ಎಡಮೊಣಕಾಲು ಮೆಟ್ಟಿಲು ಕಂಡರೆ ಮೊದಲು ಯೋಚನೆ ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದೆಂದರೆ, ನೆಲದಿಂದ ಏಳುವಾಗ ನನ್ನ ಅಪ್ಪಣೆಯಿಲ್ಲದೆ ನನ್ನ ಬಾಯಿಂದಲೇ ಹೊರಡುವ ಒಂದು "ಉಸ್ಸಪ್ಪಾ". ನನ್ನ ಹೆಂಡತಿ ಸಾವಿತ್ರಿ ಒಳಗಿನಿಂದಲೇ ಹೇಳುತ್ತಾಳೆ: "ನಿಂಗ ಎದ್ದಿದ್ದು ಅಡುಗೆಮನೆಗೇ ಗೊತ್ತಾತು. ಆಸ್ರಿಗೆ ಮಾಡ್ತೆ, ಬನ್ನಿ." ಹೀಗೆ ಚಹಾ ಕೇಳುವ ಶ್ರಮವೊಂದು ಉಳಿಯಿತು ಅಂದುಕೊಂಡು ಸುಮ್ಮನಿದ್ದೇನೆ.

ಇಷ್ಟನ್ನೂ ನಾನು ಸಹಿಸಿಕೊಂಡೆ. ಆದರೆ ನನ್ನ ಕೈಯಿಂದ ಅನ್ನದ ಹೆಡಿಗೆಯನ್ನು ಕಸಿದುಕೊಂಡದ್ದನ್ನು ಮಾತ್ರ ಸಹಿಸಲಾರೆ.

ಯಾವ ಹೆಡಿಗೆ ಎನ್ನುತ್ತೀರಿ. ನಮ್ಮ ವಾನಳ್ಳಿ ಕಡೆ ಮದುವೆಯಿರಲಿ, ಉಪನಯನವಿರಲಿ, ಊಟಕ್ಕೆ ಬಡಿಸುವವರು ನೆಂಟರು ಮತ್ತು ಅಕ್ಕಪಕ್ಕದ ಮನೆಯವರೇ. ಅಡುಗೆಗೆ ಭಟ್ಟರನ್ನು ಕರೆಸಿದರೂ ಬಡಿಸುವ ಸೌಟು ನಮ್ಮದೇ. ಅದರಲ್ಲೊಂದು ಏಣಿಯಿದೆ. ಮೊದಲು ನೀರು, ಆಮೇಲೆ ಉಪ್ಪು, ಅದಾದ ಮೇಲೆ ಉಪ್ಪಿನಕಾಯಿ, ಪಲ್ಯ, ಹುಳಿ. ಏಣಿಯ ತುದಿಯಲ್ಲಿ ಅನ್ನ. ಬೆತ್ತದ ಹೆಡಿಗೆಗೆ ಬಾಳೆಎಲೆ ಹಾಸಿ ಕುದಿಯುವ ಅನ್ನ ತುಂಬಿ, ಅದನ್ನು ಎಡ ಸೊಂಟಕ್ಕೆ ಒತ್ತಿಕೊಂಡು, ಪಂಕ್ತಿಯ ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಬಗ್ಗಿದವನು ಬಗ್ಗಿದಂತೆಯೇ ಸಾಗಬೇಕು. ನಡುವೆ ಸೊಂಟ ನೆಟ್ಟಗೆ ಮಾಡುವಂತಿಲ್ಲ. ಹೆಡಿಗೆಯನ್ನು ಜನ ಉಣ್ಣುವ ನೆಲಕ್ಕೆ ಇಡುವಂತೆಯೇ ಇಲ್ಲ. ಇಟ್ಟರೆ ಅಷ್ಟೂ ಅನ್ನ ಎಂಜಲಾಯಿತು ಎಂದೇ ಲೆಕ್ಕ.

ನಾನು ಇದನ್ನು ಕಲಿತದ್ದು ಕೊಟ್ಟಿಗೆಯ ಹಿಂದೆ. ಕೆಸುವಿನ ಎಲೆಗಳನ್ನು ಸಾಲಾಗಿ ಹಾಸಿ, ತಂಗಿಯನ್ನೂ ನೆರೆಮನೆಯ ಮಕ್ಕಳನ್ನೂ ಕೂರಿಸಿ, ಹಳೆಯ ಬುಟ್ಟಿಯಲ್ಲಿ ಕೆಮ್ಮಣ್ಣು ತುಂಬಿ ಬಡಿಸುತ್ತಿದ್ದೆ. ತಂಗಿಗೆ ಶಿಸ್ತಿರಲಿಲ್ಲ, ಅನ್ನ ಬೀಳುವ ಮೊದಲೇ ಮಜ್ಜಿಗೆ ಕೇಳುತ್ತಿದ್ದಳು. ನನ್ನ ಅಣ್ಣನ ಮಗ ಗಣಪತಿ ಮಾತ್ರ ಒಳ್ಳೆಯ ಗಿರಾಕಿ. ಅಣ್ಣ ನನಗಿಂತ ಬಹಳ ದೊಡ್ಡವನಾದ್ದರಿಂದ ಈ ಗಣಪತಿ ನನಗಿಂತ ಕೆಲವೇ ವರ್ಷಕ್ಕೆ ಚಿಕ್ಕವನು. ಒಂದು ದಿನ ನಾನು ಬಡಿಸಿದ ಕೆಮ್ಮಣ್ಣನ್ನು ಅವನು ನಿಜವಾಗಿಯೂ ಉಂಡುಬಿಟ್ಟ. ಬೆನ್ನಿಗೆ ಬಿದ್ದ ಏಟು ನನಗೆ. "ಉಣ್ಣುವ ಹಾಗೆ ಬಡಿಸಿದ್ದೇ ತಪ್ಪಾ?" ಎಂದು ಅತ್ತದ್ದು ನೆನಪಿದೆ.

ಆಮೇಲೆ ನಿಜವಾದ ಪಂಕ್ತಿಯಲ್ಲಿ ನೀರು ಕೊಟ್ಟೆ, ಒಬ್ಬ ಪುರೋಹಿತರ ಮಡಿಲಿಗೆ ಅರ್ಧ ತಂಬಿಗೆ ಸುರಿದು ಬೈಸಿಕೊಂಡೆ, ಉಪ್ಪಿನಲ್ಲಿ ಬಹಳ ಕಾಲ ಕೊಳೆತೆ. ಅಂತೂ ಅನ್ನಕ್ಕೆ ಏರಿದೆ. ಹೊಟ್ಟೆಪಾಡಿಗೆ ನಾನು ಮಾಡಿದ್ದು ಶಿರಸಿಯ ಒಂದು ಸಂಘದಲ್ಲಿ ಗುಮಾಸ್ತಿಕೆ. ಆಯುಷ್ಯವೆಲ್ಲ ಕೂತಲ್ಲೇ ಕೂತೆ. ಅಲ್ಲಿ ಮ್ಯಾನೇಜರ್ ನನ್ನನ್ನು ತಲೆ ಎತ್ತಿ ನೋಡಿದ್ದೇ ಅಪರೂಪ. ಆದರೆ ಊಟದ ಪಂಕ್ತಿಯಲ್ಲಿ ಅದೇ ಮನುಷ್ಯ ಎಲೆಯ ಮುಂದೆ ಕೂತು, ಮುಖ ಮೇಲೆತ್ತಿ, "ಭಟ್ರೇ, ಇಲ್ಲೊಂದು ಸ್ವಲ್ಪ" ಎಂದು ನನ್ನ ಸಟ್ಟುಗವನ್ನೇ ನೋಡುತ್ತಿದ್ದ. ಆ ಕ್ಷಣದಲ್ಲಿ ನನಗೆ ಆಗುತ್ತಿದ್ದ ಸಂತೋಷಕ್ಕೆ ಬಡ್ತಿಯೂ ಸಮವಲ್ಲ.

ಅನ್ನ ಬಡಿಸುವುದೆಂದರೆ ಕೈ ಓದುವ ವಿದ್ಯೆ. "ಸಾಕು" ಎನ್ನುವವರು ಎಲ್ಲರೂ ಸಾಕೆಂದೇ ಹೇಳುವುದಿಲ್ಲ. ಅಂಗೈಯನ್ನು ಎಲೆಗೆ ಅಂಟಿಸಿ ಅಡ್ಡ ಹಿಡಿದರೆ ನಿಜವಾಗಿ ಸಾಕು. ಕೈಯನ್ನು ಮೇಲೆ ಗಾಳಿಯಲ್ಲಿ ಆಡಿಸಿದರೆ ಇನ್ನೊಂದು ಸಟ್ಟುಗ ಹಾಕಬೇಕು. ಕೈ ಅಡ್ಡ ಹಿಡಿದು ಬೆರಳು ಅಗಲ ಮಾಡಿದವರು ಒತ್ತಾಯ ಬಯಸುವ ಜಾತಿ. ಒತ್ತಾಯ ಮಾಡದೆ ಮುಂದೆ ಹೋದರೆ ಅವರು ಊರಿಗೆ ಹೋಗಿ, "ಊಟ ಇತ್ತಪ್ಪ, ಉಪಚಾರ ಇರಲಿಲ್ಲ" ಎನ್ನುತ್ತಾರೆ.

ಮತ್ತೆ ಕಡೆಯ ಪಂಕ್ತಿ. ಬಡಿಸಿದವರು ಉಣ್ಣುವುದು ಎಲ್ಲರೂ ಉಂಡ ಮೇಲೆ. ಅಷ್ಟು ಹೊತ್ತಿಗೆ ಪಾಯಸ ತಳ ಕಂಡಿರುತ್ತದೆ, ಸಂಡಿಗೆ ಮೆತ್ತಗಾಗಿರುತ್ತದೆ. ಆದರೂ ಅಂಥ ಊಟ ಬೇರೆ ಇಲ್ಲ. ಬೆವರು ಒರೆಸಿಕೊಂಡು, ಕಾಲು ನೀಡಿ, ಯಾವ ಬೀಗರು ಎಷ್ಟು ಹೋಳಿಗೆ ಒಳಗೆ ಹಾಕಿದರು ಎಂದು ಆಡಿಕೊಂಡು, ಮಾವಿನಕಾಯಿಯ ಅಪ್ಪೆಹುಳಿಯನ್ನು ಲೋಟಗಟ್ಟಲೆ ಕುಡಿಯುವುದು. ದೊಡ್ಡವರು ಚಿಕ್ಕವರು ಎಂಬುದು ಅಲ್ಲಿಲ್ಲ. ಆ ಪಂಕ್ತಿಯಲ್ಲಿ ನನ್ನದೊಂದು ಎಲೆ ಇರಲಿ ಎಂಬ ಆಸೆಗಾಗಿಯೇ ನಾನು ಬಡಿಸುತ್ತ ಬಂದೆ.

ಹೋದ ವರ್ಷ ನೆರೆಮನೆಯ ಹುಡುಗಿಯ ಮದುವೆ. ಗಂಡಿನ ಕಡೆಯವರು ಯಲ್ಲಾಪುರದ ನಂದೊಳ್ಳಿಯವರು. ಅವರ ಪಂಕ್ತಿಗೆ ಎರಡನೆಯ ಸಲ ಅನ್ನ ತೆಗೆದುಕೊಂಡು ಹೋದೆ. ಸುಮಾರು ಅರ್ಧ ಪಂಕ್ತಿ ದಾಟಿರಬೇಕು, ಗಂಡಿನ ಸೋದರಮಾವನ ಎಲೆಯ ಮುಂದೆ ನನ್ನ ಎಡಮೊಣಕಾಲು ಕಟಕ್ಕೆಂದು ಸಿಕ್ಕಿಹಾಕಿಕೊಂಡಿತು. ಮುಂದೆ ಹೆಜ್ಜೆ ಹೋಗದು. ಸೊಂಟ ಮೇಲೇಳದು. ಹೆಡಿಗೆ ಕೆಳಗೆ ಇಡುವಂತಿಲ್ಲ. ಉಣ್ಣುತ್ತಿರುವವರ ಹೆಗಲು ಹಿಡಿಯುವಂತಿಲ್ಲ. ಬಗ್ಗಿದವನು ಸುಮ್ಮನೆ ನಿಂತರೆ ನೂರು ಕಣ್ಣು ತಿರುಗುತ್ತವೆ. ಏನು ಮಾಡಲಿ? ಆ ಮನುಷ್ಯನ ಎಲೆಗೆ ಒಂದು ಸಟ್ಟುಗ ಅನ್ನ ಹಾಕಿದೆ.

"ಸಾಕು ಸಾಕು" ಎಂದ. ಕಾಲು ಬಿಡಲಿಲ್ಲ. ಇನ್ನೊಂದು ಹಾಕಿದೆ.

"ಅಯ್ಯೋ, ಬ್ಯಾಡ ಮಾರಾಯ್ರೇ!"

"ಹಂಗೆಲ್ಲ ಹೇಳಲಾಗ. ನಮ್ಮೂರಿಗೆ ಮೊದಲನೇ ಸಲ ಬಂದಿದ್ರಿ" ಎಂದು ಮತ್ತೊಂದು ಹಾಕಿದೆ.

ಅವನು ಎರಡೂ ಕೈ ಎಲೆಗೆ ಅಡ್ಡ ಹಿಡಿದ. ನಾನು ಕೈಯ ಸಂದಿಯಲ್ಲಿ ಹಾಕಿದೆ. ಸುತ್ತಲಿನವರು ನಗಲು ಶುರುಮಾಡಿದರು. "ಉಪಚಾರ ಹೇಳಿರೆ ಇದು" ಎಂದು ಯಾರೋ ಹೊಗಳಿದರು. ಹುಳಿಯವನು ಬಂದು ಆ ಗುಡ್ಡಕ್ಕೆ ಹುಳಿ ಸುರಿದ. ಎಲೆಯಲ್ಲಿ ಅನ್ನ ಬಿಡುವುದು ಅವಮಾನವಾದ್ದರಿಂದ ಆ ಬಡಪಾಯಿ ಬೆವರಿಳಿಸುತ್ತ ಉಣ್ಣತೊಡಗಿದ. ಅಷ್ಟರಲ್ಲಿ ಕಾಲು ತಾನಾಗಿಯೇ ಬಿಟ್ಟುಕೊಂಡಿತು, ನಾನು ಏನೂ ಆಗಿಲ್ಲವೆಂಬಂತೆ ಮುಂದಿನ ಎಲೆಗೆ ಹೋದೆ. ವಾನಳ್ಳಿಯವರ ಉಪಚಾರದ ಕೀರ್ತಿ ಈಗಲೂ ಯಲ್ಲಾಪುರದಲ್ಲಿ ಇದೆಯಂತೆ. ಆ ಸೋದರಮಾವ ಮಾತ್ರ ಮತ್ತೆ ನಮ್ಮ ಕಡೆ ಬಂದಿಲ್ಲ.

ಎಲ್ಲರೂ ನಂಬಿದರು, ಗಣಪತಿಯೊಬ್ಬ ನಂಬಲಿಲ್ಲ. ಬಡಿಸುವವರ ಉಸ್ತುವಾರಿ ಅವನದು. ಕೈ ತೊಳೆಯುವಲ್ಲಿ ನನ್ನನ್ನು ಬದಿಗೆ ಕರೆದ.

"ಅಪ್ಪಚ್ಚಿ, ನೀ ಇನ್ನು ಅನ್ನದ ಹೆಡಿಗೆ ಹಿಡಿಯಡ. ಬಿದ್ರೆ ಎಂತಾಗ್ತು? ದೊಡ್ಡವರ ಜೊತಿಗೆ ಮೊದಲ ಪಂಕ್ತಿಗೆ ಕುತ್ಗ. ಟೇಬಲ್ ಹಾಕ್ಸಿದ್ದು."

"ಟೇಬಲ್ಲಿಗೆ ಆನು ಎಂತಕ್ಕೆ ಕೂರವು?"

"ಗೌರವ ಮಾರಾಯ."

ಗೌರವವಂತೆ! ಈ ಟೇಬಲ್ಲಿನ ಪಂಕ್ತಿಯನ್ನು ನೀವು ಒಮ್ಮೆ ಕಣ್ಣು ಬಿಟ್ಟು ನೋಡಬೇಕು. ಮೊದಲು ಅದನ್ನು ತಂದದ್ದು ಕೈಲಾಗದ ಅಜ್ಜಿಯಂದಿರಿಗೆಂದು. ಈಗ ಅಲ್ಲಿ ಕೂರುವವರು ಮೂವತ್ತು ಮೂವತ್ತೈದರ ಗಟ್ಟಿ ಪ್ರಾಯದವರು. ಅಂಗಳದಲ್ಲಿ ಒಂದು ಹೊರೆ ಸೊಪ್ಪು ಹೊತ್ತವರಲ್ಲ, ಮನೆಯಲ್ಲಿ ಒಂದು ಕೊಡ ನೀರು ಎತ್ತಿದವರಲ್ಲ, ಆದರೂ ನೆಲಕ್ಕೆ ಕೂರಲು ಬರುವುದಿಲ್ಲ. "ಪ್ಯಾಂಟ್ ಟೈಟ್" ಎನ್ನುತ್ತಾರೆ. ಬೆಳಗ್ಗೆ ಶಿರಸಿಯ ಜಿಮ್ಮಿನಲ್ಲಿ ಕಬ್ಬಿಣ ಎತ್ತಿ ಮಧ್ಯಾಹ್ನ ಪಾಯಸಕ್ಕೆ ಬಗ್ಗಲಾರದ ತೋಳುಗಳನ್ನು ಏನೆಂದು ಕರೆಯುವುದು? ಅವರು ಟೇಬಲ್ಲಿಗೆ ಕೂತರೆ ಅನುಕೂಲ, ನಾನು ಕೂತರೆ ಮುಪ್ಪು. ನಾನು ದಿನವೂ ನೆಲಕ್ಕೆ ಕೂತು ಉಂಡು, ನೆಲಕ್ಕೆ ಕೂತು ಪೇಪರ್ ಓದಿ, ನೆಲದಿಂದಲೇ ಏಳುವವನು. ಹೇಗೆ ಏಳುತ್ತೇನೆ ಎಂಬುದು ನನ್ನ ಸ್ವಂತ ವಿಷಯ.

ಸಿಟ್ಟಿನಿಂದಲೇ ಶಿರಸಿಗೆ ಹೋಗಿ ಕಾಲಿನ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮನನ್ನು ಕಂಡೆ. ಹಾವೇರಿ ಕಡೆಯ ಹುಡುಗಿ. "ಬರ್ರಿ ಅಜ್ಜಾರ, ಕೂಡ್ರಿ" ಎಂದಳು. ಆ 'ಅಜ್ಜಾರ' ಕೇಳಿ ವಾಪಸ್ಸು ಹೊರಡೋಣ ಅನ್ನಿಸಿತು, ಆದರೆ ಅಷ್ಟರಲ್ಲಿ ಅವಳು ಮೊಣಕಾಲು ಹಿಡಿದಾಗಿತ್ತು.

"ಮೂಳಿ ಸವದಾವ್ರಿ. ಆದ್ರ ಮುರಿದಿಲ್ಲ. ನಿಮಗ ಏನು ಮಾಡಾಕ ಬರಬೇಕು ಹೇಳ್ರಿ. ವಾಕಿಂಗಾ, ಗುಡಿ ಮೆಟ್ಟಿಲಾ?"

"ಅನ್ನ ಬಡಿಸಬೇಕು" ಎಂದೆ.

ಅವಳು ನಗಲಿಲ್ಲ. ಎದ್ದು ಬಂದು, "ಹೆಂಗ ಬಡಸ್ತೀರಿ, ಮಾಡಿ ತೋರಸ್ರಿ" ಎಂದಳು. ಗೋಡೆಯ ಬದಿಯ ದಿಂಬನ್ನು ಹೆಡಿಗೆ ಮಾಡಿಕೊಂಡು ಇಡೀ ಕೋಣೆ ಬಡಿಸಿ ತೋರಿಸಿದೆ. ಬೆನ್ನು ಬಗ್ಗಿಸುವ ಬದಲು ಸೊಂಟದಲ್ಲೇ ಮಡಚಬೇಕು, ಭಾರವನ್ನು ಒಂದೇ ಕಾಲಿನ ಮೇಲೆ ಬಿಡದೆ ಎಲೆಗೊಮ್ಮೆ ಬದಲಿಸಬೇಕು, ಅದಕ್ಕೂ ಮೊದಲು ತೊಡೆಗೆ ಶಕ್ತಿ ಬರಬೇಕು ಎಂದಳು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನವೂ ಮಾಡಲು ಹೇಳಿದಳು. ಅಂತೂ ಕುರ್ಚಿಯಿಂದ ಒಂದು ಉಪಕಾರವಾಯಿತು.

ಮನೆಯಲ್ಲಿ ತಾಲೀಮು ಶುರುವಾಯಿತು. ಹೆಡಿಗೆಯಲ್ಲಿ ಸುಲಿಯದ ತೆಂಗಿನಕಾಯಿ ತುಂಬಿಕೊಂಡು ಜಗಲಿಯ ಆ ತುದಿಯಿಂದ ಈ ತುದಿಗೆ ಬಗ್ಗಿ ನಡೆಯುವುದು. ಎಲೆಯ ಮುಂದೆ ಕೂರಲು ಯಾರಾದರೂ ಬೇಕಲ್ಲ, ಸಾವಿತ್ರಿಯನ್ನು ಕೂರಿಸಿದೆ. ಅವಳು ಬತ್ತಿ ಹೊಸೆಯುತ್ತ ಕೂತು, ನಾನು ಮುಂದೆ ಬಂದಾಗಲೆಲ್ಲ ತಲೆ ಎತ್ತದೆ "ಯಂಗೆ ಸಾಕು" ಎನ್ನುತ್ತಿದ್ದಳು. ಮೊದಲ ವಾರ ತೊಡೆ ಎಷ್ಟು ನೋಯುತ್ತಿತ್ತೆಂದರೆ ರಾತ್ರಿ ಮಗ್ಗುಲು ಬದಲಿಸಲೂ ಭಯ. ಆಮೇಲೆ ಆಮೇಲೆ ಕಾಲು ಮಾತು ಕೇಳತೊಡಗಿತು. ಬಚ್ಚಲಿನ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದ ದಿನ, ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನೊಮ್ಮೆ ಹತ್ತಿ ಇಳಿದೆ.

ಹೀಗಿರುವಾಗ ಗಣಪತಿಯ ಮನೆಯಲ್ಲೇ ಮೊಮ್ಮಗನ ಉಪನಯನ ಬಂತು. ಕರೆಯ ಹೇಳಲು ಅವನೇ ಬಂದ. ನಮ್ಮಲ್ಲಿ ಕರೆಯಲು ಎರಡು ರೀತಿ ಇದೆ. ಹೊರಗಿನವರಿಗೆ ಬಂದು ಆಶೀರ್ವಾದ ಮಾಡಿ ಊಟ ಮಾಡಿಕೊಂಡು ಹೋಗಿ ಎನ್ನುವುದು. ಮನೆಯವರಿಗೆ ಮುಂಚಿತ ಬಂದು ಸುಧಾರಿಸಿಕೊಡಬೇಕು ಎನ್ನುವುದು. ಅಂದರೆ ಕೆಲಸಕ್ಕೆ ಸೊಂಟ ಕಟ್ಟಿ ಬಾ ಎಂದರ್ಥ. ಗಣಪತಿ ಅಕ್ಷತೆ ಕೊಟ್ಟು, ನಮಸ್ಕಾರ ಮಾಡಿ ಹೇಳಿದ: "ಅಪ್ಪಚ್ಚಿ, ಬಂದು ಮಾಣಿಗೆ ಆಶೀರ್ವಾದ ಮಾಡಿ, ಊಟ ಮಾಡ್ಕಂಡು ಹೋಗವು."

ನಾನು ಹುಟ್ಟಿದ ಮನೆ ಅದು! ನನ್ನನ್ನು ನೆಂಟನ ಹಾಗೆ ಕರೆದ. ನಾನು ಬಡಿಸಿದ ಮಣ್ಣು ತಿಂದವನು!

ಉಪನಯನದ ದಿನ ಬೆಳಗ್ಗೆಯೇ ಹೋದೆ. ಪಂಚೆ ಎತ್ತಿ ಕಟ್ಟಿ, ಶಾಲು ಸೊಂಟಕ್ಕೆ ಬಿಗಿದು ಅಡುಗೆಯ ಚಪ್ಪರದಲ್ಲಿ ನಿಂತೆ. ಎಲೆ ಹಾಕುವ ಹೊತ್ತಿಗೆ ಗಣಪತಿ ಬಂದು ನನ್ನ ಕೈಯಿಂದ ಸಟ್ಟುಗ ಮೆಲ್ಲಗೆ ತೆಗೆದುಕೊಂಡ.

"ಮೊದಲ ಪಂಕ್ತಿಗೆ ನಿಂಗೆ ಬಾಳೆ ಹಾಕ್ಸಿದ್ದೆ. ಟೇಬಲ್ಲಿಗೆ."

"ಆನು ಬಡಿಸ್ತೆ. ಇಲ್ಲದಿದ್ರೆ ಉಣ್ತ್ನಿಲ್ಲೆ" ಎಂದು ಜಗಲಿಯ ಕಂಬಕ್ಕೊರಗಿ ಕೂತೆ. ನೆಲದ ಮೇಲೆ.

ಮನೆಯ ಹಿರಿಯ ಉಣ್ಣದೆ ಕೂತರೆ ಯಜಮಾನನಿಗೆ ಅದಕ್ಕಿಂತ ಫಜೀತಿ ಇನ್ನೊಂದಿಲ್ಲ. ಮೊದಲ ಪಂಕ್ತಿ ಏಳುವುದರೊಳಗೆ ಸುದ್ದಿ ಹಬ್ಬಿತು. ಎರಡನೆಯ ಪಂಕ್ತಿಯ ಹೊತ್ತಿಗೆ ಅಪ್ಪಚ್ಚಿಗೂ ಅಣ್ಣನ ಮಗನಿಗೂ ತೋಟದ ಪಾಲಿನ ವಿಷಯದಲ್ಲಿ ಜಗಳವಂತೆ ಎಂದು ಬೆಳೆಯಿತು. ಒಬ್ಬರು ಬಂದು ರಾಜಿ ಮಾಡಿಸಲು ಗಡಿಗುರುತು ಎಲ್ಲಿದೆ ಎಂದೇ ಕೇಳಿದರು. ಹೊಟ್ಟೆ ಹಸಿದು ಕರಕರ ಎನ್ನುತ್ತಿತ್ತು, ಆದರೂ ಅಲ್ಲಾಡಲಿಲ್ಲ. ಕೊನೆಗೆ ಗಣಪತಿ ಸಾವಿತ್ರಿಯನ್ನು ಕರೆತಂದ.

ಅವಳು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಬಡಿಸ್ಲಿ ಬಿಡು ಗಣಪತಿ. ಇವು ದಿನಾ ಯಂಗೆ ತೆಂಗಿನಕಾಯಿ ಬಡಿಸ್ತಾ ಇದ್ದ. ನಿಂಗಕ್ಕೆ ಅನ್ನ ಬಡಿಸಿರೆ ಯಂಗಾದ್ರೂ ಬಿಡುಗಡೆ ಆಗ್ತು."

ಗಣಪತಿ ಸಟ್ಟುಗವನ್ನು ತಂದು ನನ್ನ ಕೈಗಿತ್ತ. "ಅಡ್ಡಿಲ್ಲೆ. ಕಡೇ ಪಂಕ್ತಿ ನಿಂದು" ಎಂದು ಹೋದ.

ಗೆದ್ದೆ ಎಂದುಕೊಂಡೆ. ಅವನು ಅತ್ತ ಹೋದ ಮೇಲೆ ಹೊಳೆಯಿತು. ಕಡೆಯ ಪಂಕ್ತಿಗೆ ಬಡಿಸಿದವನು ಆ ಪಂಕ್ತಿಯಲ್ಲಿ ಕೂರುವಂತಿಲ್ಲ. ಎಲ್ಲರೂ ಉಂಡ ಮೇಲೆ ಒಬ್ಬನೇ ಉಣ್ಣಬೇಕು. ಹೆಡಿಗೆ ಕೊಟ್ಟು ಎಲೆ ಕಸಿದಿದ್ದ. ಕೆಟ್ಟ ಸಿಟ್ಟು ಬಂತು, ಅಳುವೂ ಬಂತು.

ಹೆಡಿಗೆ ಎತ್ತಿಕೊಂಡೆ. ಡಾಕ್ಟರಮ್ಮ ಹೇಳಿದಂತೆಯೇ ಸೊಂಟದಲ್ಲಿ ಮಡಚಿದೆ, ಎಲೆಗೊಮ್ಮೆ ಕಾಲು ಬದಲಿಸಿದೆ. ಹಬೆ ಮುಖಕ್ಕೆ ಹೊಡೆಯುತ್ತಿತ್ತು, ಬೆವರು ಹುಬ್ಬಿನಿಂದ ಇಳಿಯುತ್ತಿತ್ತು, ಮೊಣಕಾಲು ತುಟಿಪಿಟಕ್ಕೆನ್ನಲಿಲ್ಲ. ಕೊನೆಯ ಎಲೆಗೆ ಹಾಕಿ ನೆಟ್ಟಗೆ ನಿಂತು ಹಿಂತಿರುಗಿ ನೋಡಿದೆ. ಯಾರೂ ನನ್ನತ್ತ ನೋಡಿರಲಿಲ್ಲ. ಚೆನ್ನಾಗಿ ಬಡಿಸಿದವನನ್ನು ಯಾರೂ ನೋಡುವುದಿಲ್ಲ, ಅದು ಹಿಂದಿನಿಂದಲೂ ಹಾಗೆಯೇ. ಖಾಲಿ ಹೆಡಿಗೆ ಹಿಡಿದು ಅಡುಗೆಯ ಚಪ್ಪರದತ್ತ ಹೊರಟೆ.

"ಅಪ್ಪಚ್ಚಿ, ಎಲ್ಲಿಗೆ ಹೋಪದು? ನಿನ್ನ ಬಾಳೆ ಇಲ್ಲಿದ್ದು."

ಗಣಪತಿಯ ಪಕ್ಕದಲ್ಲಿ ಒಂದು ಎಲೆ ಖಾಲಿಯಿತ್ತು. ಯಾರೋ ಎದ್ದು ಹೋಗಿರಬೇಕೆಂದು ನಾನೇ ದಾಟಿ ಬಂದಿದ್ದೆ. ಈಗ ನೋಡಿದರೆ ಒಬ್ಬರೂ ಊಟಕ್ಕೆ ಕೈ ಹಾಕಿರಲಿಲ್ಲ. ಸಾವಿತ್ರಿ ಬಂದು ಆ ಎಲೆಗೆ ಅನ್ನ ಬಡಿಸಿದಳು. ನಾನು ಕೂತೆ, ಎಲ್ಲರೂ ಉಂಡೆವು. ಅಪ್ಪೆಹುಳಿಗೆ ಉಪ್ಪು ಜಾಸ್ತಿಯಾಗಿತ್ತು. ಉಪ್ಪಿನ ವಿಷಯ ತಿಳಿದವನಾಗಿ ಹೇಳಬೇಕಿತ್ತು, ಹೇಳಲಿಲ್ಲ.

ನಮ್ಮಲ್ಲಿ ಪಂಕ್ತಿ ಒಟ್ಟಿಗೆ ಏಳಬೇಕು. ಊಟ ಮುಗಿದರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾರೆ. ಮೊದಲು ಒಬ್ಬನ ಕೈ ನೆಲಕ್ಕೆ ಹೋಯಿತು. ಇನ್ನೊಬ್ಬ ಕಂಬ ಹಿಡಿದ. ಮತ್ತೊಬ್ಬ ಮಗುಚಿ, ಮಂಡಿಯೂರಿ, ದನ ಎದ್ದ ಹಾಗೆ ಎದ್ದ. ಗಣಪತಿ ಏಳಲೇ ಇಲ್ಲ. ಎಲ್ಲರೂ ಎದ್ದ ಮೇಲೆ ಕೊನೆಗೆ ಏಳುವುದು ಅವನ ವಾಡಿಕೆ. ಯಜಮಾನನ ಮರ್ಯಾದೆ ಎಂದು ನಾನು ತಿಳಿದಿದ್ದೆ.

"ನೀ ನಡಿ, ಆನು ಬತ್ತೆ" ಎಂದ. ಎಲೆಯ ಮೇಲೆ ಬೆರಳಲ್ಲಿ ಏನೋ ಗೀಚುತ್ತಿದ್ದ.

"ಏಳಾ."

ಅವನು ಸುತ್ತ ನೋಡಿದ. ಜನ ಕೈ ತೊಳೆಯಲು ಹೋಗಿದ್ದರು. "ಏಳಲೆ ಆಗ್ತಿಲ್ಲೆ ಅಪ್ಪಚ್ಚಿ. ಎರಡೂ ಮೊಣಕಾಲು ಹೋಯ್ದು. ಎಲ್ಲರೂ ಹೋದ್ಮೇಲೆ ತೆವಳಿ ಕಂಬ ಹಿಡಿತೆ. ಯಾರ ಹತ್ರೂ ಹೇಳಡ."

"ಹಂಗಾರೆ ಯನ್ನ ಎಂತಕ್ಕಾ ಟೇಬಲ್ಲಿಗೆ ಕಳಿಸ್ದೆ?"

"ನಿನ್ನ ಕಳಿಸಿರೆ ಎಲ್ಲ ನಿನ್ನೇ ನೋಡ್ತ. ಯನ್ನ ಯಾರೂ ನೋಡ್ತ್ವಿಲ್ಲೆ ಹೇಳಿ."

ನನಗೆ ಬಂದ ಸಿಟ್ಟಿಗೆ ಅವನನ್ನು ಆ ಎಲೆಯ ಮುಂದೆಯೇ ಬಿಟ್ಟು ಹೋಗಬೇಕಿತ್ತು. ನನ್ನ ಒಂದು ವರ್ಷವನ್ನು ಅವನು ತನ್ನ ಮೊಣಕಾಲಿಗೆ ಮರೆ ಮಾಡಿಕೊಂಡಿದ್ದ. ಇಬ್ಬರ ಬಲಗೈಯೂ ಎಂಜಲಾಗಿತ್ತು. ಎಡಗೈ ಕೊಟ್ಟೆ, ನನ್ನ ತೊಡೆ ಬಿಗಿ ಮಾಡಿಕೊಂಡು ಎಳೆದೆ. ನನಗಿಂತ ಭಾರವಿದ್ದಾನೆ, ಆದರೂ ಬಂದ. ಎದ್ದು ನಿಂತವನು ನನ್ನ ಹೆಗಲು ಬಿಡದೆ ಬಚ್ಚಲವರೆಗೂ ಬಂದ. ನೋಡಿದವರು ತೋಟದ ಜಗಳ ಮುಗಿಯಿತು ಅಂದುಕೊಂಡರು.

ಯಾರ ಹತ್ತಿರವೂ ಹೇಳಬೇಡ ಎಂದಿದ್ದ. ಇಷ್ಟು ದಿನ ಹೇಳಿರಲಿಲ್ಲ. ಈಗ ನಿಮ್ಮೆಲ್ಲರಿಗೂ ಹೇಳಿಬಿಟ್ಟಿದ್ದೇನೆ. ಅವನಿಗೆ ಅಷ್ಟಾದರೂ ಆಗಬೇಕು.